ಕಡ್ಡಿಯಾದ ಮನಿ ಪ್ಲಾಂಟನ್ನು ಮತ್ತೆ ತುಂಬಿಸಲು: ಮಾಡಬೇಕಾದ್ದು, ಮಾಡಬಾರದ್ದು

ಮನೆಯೊಳಗೆ, ಬಾಲ್ಕನಿಯಲ್ಲಿ, ಕಚೇರಿಯ ಮೇಜಿನ ಮೇಲೆ ಮನಿ ಪ್ಲಾಂಟ್ ಬೆಳೆಸುತ್ತಿರುವ ಎಲ್ಲರಿಗೂ ಈ ಸೂಚನೆ. ಬುಡದಲ್ಲಿ ಒಂದೂ ಎಲೆಯಿಲ್ಲ, ನಾಲ್ಕಾರು ಅಡಿ ಬರೀ ಬೋಳು ಬಳ್ಳಿ, ತುದಿಯಲ್ಲಿ ಮಾತ್ರ ಮೂರು ಸಣ್ಣ ಎಲೆ. ನಿಮ್ಮ ಗಿಡ ಹೀಗಾಗಿದ್ದರೆ ಅದು ಸತ್ತಿಲ್ಲ, ಸಾಯುತ್ತಲೂ ಇಲ್ಲ. ಅದನ್ನು ಎಸೆಯಬೇಡಿ. ಅದರ ಜಾಗಕ್ಕೆ ನರ್ಸರಿಯಿಂದ ಹೊಸದನ್ನು ತರಲೂ ಬೇಡಿ. ಹರಿತವಾದ ಕತ್ತರಿ, ಒಂದು ಗಾಜಿನ ಬಾಟಲಿ, ಬೆಳಕಿರುವ ಒಂದು ಜಾಗ ಇದ್ದರೆ ಸಾಕು. ಒಳ್ಳೆಯ ಹವೆಯಲ್ಲಿ ಅದೇ ಕುಂಡ ಎರಡು ಮೂರು ತಿಂಗಳಲ್ಲಿ ತುಂಬಿಕೊಳ್ಳುತ್ತದೆ.

ಕೆಲಸ ಮೂರು: ಮೊದಲು ಬೆಳಕು, ಆಮೇಲೆ ಕತ್ತರಿ, ಕೊನೆಗೆ ಕತ್ತರಿಸಿದ ತುಂಡುಗಳನ್ನು ಅದೇ ಕುಂಡಕ್ಕೆ ನೆಡುವುದು. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಬೆಳಕು ಸರಿಪಡಿಸದೆ ಕತ್ತರಿಸಿದ ಗಿಡ ಕೆಲವೇ ತಿಂಗಳಲ್ಲಿ ಮತ್ತೆ ಕಡ್ಡಿಯಾಗುತ್ತದೆ. ಕತ್ತರಿಸಿದ್ದನ್ನು ನೆಡದೆ ಎಸೆದರೆ ಕುಂಡ ಬೋಳಾಗಿಯೇ ಉಳಿಯುತ್ತದೆ.

೧. ಕತ್ತರಿ ಹಿಡಿಯುವ ಮೊದಲು

ಮಾಡಬೇಕಾದ್ದು

ಗಿಡವನ್ನು ಬೆಳಕಿಗೆ ತಂದು ಬುಡದಿಂದ ತುದಿಯವರೆಗೆ ನೋಡಿ. ಎರಡು ಎಲೆಗಳ ನಡುವಿನ ಅಂತರ ಬುಡದಲ್ಲಿ ಎಷ್ಟಿದೆ, ತುದಿಯ ಕಡೆ ಎಷ್ಟಿದೆ ಎಂದು ಹೋಲಿಸಿ. ಹೋಗುತ್ತಾ ಹೋಗುತ್ತಾ ಅಂತರ ಹೆಚ್ಚಿ, ಎಲೆ ಸಣ್ಣದಾಗಿ, ಬಳ್ಳಿ ಸಪೂರವಾಗಿದ್ದರೆ ಗಿಡಕ್ಕೆ ಬೆಳಕು ಸಾಲುತ್ತಿಲ್ಲ. ಹಳದಿ, ಬಿಳಿ ಪಟ್ಟೆಯ ಜಾತಿಯಲ್ಲಿ ಹೊಸ ಎಲೆಗಳು ಬರೀ ಹಸಿರಾಗುತ್ತಿದ್ದರೂ ಕಾರಣ ಅದೇ ಇರುತ್ತದೆ.

ಬೇರನ್ನೂ ನೋಡಿ. ಕುಂಡವನ್ನು ಓರೆ ಮಾಡಿ ಮಣ್ಣಿನ ಗಡ್ಡೆಯನ್ನು ಮೆಲ್ಲಗೆ ಹೊರಗೆಳೆಯಿರಿ. ಬೇರು ಬಿಳಿಯಾಗಿ, ಗಟ್ಟಿಯಾಗಿದ್ದರೆ ಗಿಡ ಕತ್ತರಿಯನ್ನು ತಾಳಿಕೊಳ್ಳುತ್ತದೆ. ಕಂದಾಗಿ, ಮೆತ್ತಗಾಗಿ, ವಾಸನೆ ಬರುತ್ತಿದ್ದರೆ ಅದು ನೀರು ಹೆಚ್ಚಾಗಿ ಬಂದ ಕೊಳೆ. ಆಗ ಬುಡವನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಬಳ್ಳಿಯ ಗಟ್ಟಿಮುಟ್ಟಾದ ಮೇಲ್ಭಾಗದಿಂದ ತುಂಡುಗಳನ್ನು ಕತ್ತರಿಸಿಕೊಂಡು ಹೊಸದಾಗಿ ಶುರು ಮಾಡಿ.

ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದುಗಳಲ್ಲಿ ಹತ್ತಿಯಂಥ ಬಿಳಿ ಅಂಟು ಇದೆಯೇ ನೋಡಿ. ಇದ್ದರೆ ಅದು ಹಿಟ್ಟು ತಿಗಣೆ. ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ತೆಗೆಯಿರಿ. ವಾರ ಬಿಟ್ಟು ಮತ್ತೆ ನೋಡಿ, ಮತ್ತೆ ಒರೆಸಿ. ಪೂರ್ತಿ ಹೋದ ಮೇಲೆಯೇ ಕತ್ತರಿ ಹಿಡಿಯಿರಿ.

ಮಾಡಬಾರದ್ದು

ಗಿಡ ಸೊರಗಿದೆ ಎಂದು ಗೊಬ್ಬರ ಸುರಿಯಬೇಡಿ. ಬೆಳಕಿಲ್ಲದ ಕಡೆ ಗೊಬ್ಬರ ಕೊಟ್ಟರೆ ಬಳ್ಳಿ ಇನ್ನಷ್ಟು ನೀಳವಾಗಿ, ಇನ್ನಷ್ಟು ಬಲಹೀನವಾಗಿ ಓಡುತ್ತದೆ. ಹುಳು ಹತ್ತಿದ ಗಿಡದ ತುಂಡನ್ನು ಬೇರೆ ಕುಂಡಕ್ಕೆ ನೆಡಬೇಡಿ, ಯಾರಿಗೂ ಕೊಡಬೇಡಿ.

೨. ಬೆಳಕು

ಇದು ಈ ಸೂಚನೆಯ ತಿರುಳು. ನಮ್ಮ ಕಣ್ಣು ಕತ್ತಲೆಗೂ ಬೆಳಕಿಗೂ ಬೇಗ ಹೊಂದಿಕೊಳ್ಳುತ್ತದೆ. ಹಾಗಾಗಿ ನಡುಮನೆಯ ಮೂಲೆಯೂ ನಮಗೆ ಸಾಕಷ್ಟು ಬೆಳಕಾಗಿ ಕಾಣುತ್ತದೆ. ಗಿಡದ ಲೆಕ್ಕ ಬೇರೆ. ಹೊರಗಿನ ನೆತ್ತಿಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ಕಿಟಕಿಯಿಂದ ದೂರವಿರುವ ಟೀವಿ ಪಕ್ಕದ ಮೂಲೆಯಲ್ಲಿ 100 ಲಕ್ಸ್ ಸಿಗುವುದೂ ಕಷ್ಟ. ಅಲ್ಲಿ ಗಿಡ ಸಾಯುವುದಿಲ್ಲ. ಬೆಳಕು ಎಲ್ಲಿದೆಯೋ ಅಲ್ಲಿಗೆ ತಲುಪಲು ಇರುವ ಶಕ್ತಿಯನ್ನೆಲ್ಲ ಉದ್ದಕ್ಕೆ ಓಡುವುದಕ್ಕೆ ಹಾಕುತ್ತದೆ, ಎಲೆಗೆ ಏನೂ ಉಳಿಯುವುದಿಲ್ಲ.

ಮಾಡಬೇಕಾದ್ದು

ಮಧ್ಯಾಹ್ನದ ಹೊತ್ತು ಗಿಡ ಇಡುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳು ಎದ್ದು ಕಾಣುವಷ್ಟು ಸ್ಪಷ್ಟ ನೆರಳು ಬಿದ್ದರೆ ಬೆಳಕು ಹೇರಳವಾಗಿದೆ. ಅಂಚು ಮಸುಕಾಗಿದ್ದರೂ ಕೈ ಎಂದು ಗೊತ್ತಾದರೆ ಮನಿ ಪ್ಲಾಂಟಿಗೆ ಅದು ಹೇಳಿ ಮಾಡಿಸಿದ ಜಾಗ. ನೆರಳೇ ಬೀಳದಿದ್ದರೆ ಆ ಜಾಗ ಬಿಡಿ.

ಕಿಟಕಿಯಿಂದ ಮೂರಡಿಯೊಳಗೆ ಇಡಿ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎಳೆಬಿಸಿಲು ಎಲೆಯನ್ನು ಸುಡುವುದಿಲ್ಲ. ಪಶ್ಚಿಮದ ಕಿಟಕಿಯಾದರೆ ತೆಳುಪರದೆ ಹಾಕಿ.

ಉತ್ತರ, ದಕ್ಷಿಣದ ಕಿಟಕಿಗಳ ವಿಷಯದಲ್ಲಿ ನಮ್ಮ ನಾಡಿನ ಲೆಕ್ಕವನ್ನೇ ಹಿಡಿಯಿರಿ. ಯೂರೋಪ್, ಅಮೆರಿಕದ ಪುಸ್ತಕಗಳು ದಕ್ಷಿಣದ ಕಿಟಕಿಗೆ ವರ್ಷವಿಡೀ ಬಿಸಿಲು ಎಂದು ಬರೆಯುತ್ತವೆ. ಅಲ್ಲಿಗೆ ಅದು ಸರಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆ ಎರಡು ದಿನಗಳ ನಡುವೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಯೊಳಗೆ ನೇರ ಬಿಸಿಲು ಬರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅದೇ ಕಿಟಕಿಯಿಂದ ಬಿಸಿಲು ಕೋಣೆಯ ಒಳಗಿನವರೆಗೂ ಬರುತ್ತದೆ. ಆದ್ದರಿಂದ ವರ್ಷಕ್ಕೆರಡು ಸಲವಾದರೂ ಕೈ ನೆರಳಿನ ಪರೀಕ್ಷೆ ಮಾಡಿ, ಕುಂಡದ ಜಾಗ ಬದಲಿಸಿ. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡಿಗರು ಮಾತ್ರ ದಕ್ಷಿಣದ ಕಿಟಕಿಯನ್ನೇ ನಂಬಬಹುದು.

ಕುಂಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಬೆಳಕು ಯಾವ ಕಡೆಯಿದೆ ಎಂದು ಮೊಳಕೆಯ ತುದಿ ಗ್ರಹಿಸುತ್ತದೆ, ಬಾಗುವುದು ಅದರ ಕೆಳಗಿನ ಭಾಗ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಇದನ್ನು ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ 1880ರಲ್ಲಿ ಪ್ರಕಟಿಸಿದರು. ತಿರುಗಿಸದ ಕುಂಡದಲ್ಲಿ ಗಿಡ ಕಿಟಕಿಯ ಕಡೆಗೇ ವಾಲಿ, ಮನೆಯ ಕಡೆಗೆ ಬೋಳು ಬೆನ್ನು ತೋರಿಸುತ್ತದೆ.

ಕಿಟಕಿಯೇ ಇಲ್ಲದ ಕಡೆ ಬಿಳಿ ಎಲ್‌ಇಡಿ ಬಲ್ಬನ್ನು ಗಿಡದ ಮೇಲೆ ಒಂದಡಿ ಅಂತರದಲ್ಲಿ ಕಟ್ಟಿ, ದಿನಕ್ಕೆ 12 ಗಂಟೆ ಉರಿಸಿ. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ. ರಸ್ತೆ ಪಕ್ಕದ ಮನೆಗಳಲ್ಲಿ ಧೂಳೇ ಅರ್ಧ ಪರದೆ.

ಮಾಡಬಾರದ್ದು

ಕತ್ತಲೆಯಲ್ಲಿದ್ದ ಗಿಡವನ್ನು ಒಮ್ಮೆಗೇ ಟೆರೇಸಿನ ಬಿಸಿಲಿಗೆ ಒಯ್ಯಬಾರದು. ಎಲೆ ಒಂದೇ ದಿನದಲ್ಲಿ ಬಿಳಿಚಿ ಸುಟ್ಟು ಕಂದಾಗುತ್ತದೆ, ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹತ್ತು ದಿನ ತೆಗೆದುಕೊಂಡು ಹಂತಹಂತವಾಗಿ ಬೆಳಕಿನ ಕಡೆಗೆ ಸರಿಸಿ. ಎಲೆ ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಸವರಬೇಡಿ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಲೆ ಉಸಿರಾಡುವ ರಂಧ್ರಗಳನ್ನೂ ಮುಚ್ಚುತ್ತದೆ.

೩. ಕಾಲ ನೋಡಿ ಕೆಲಸ

ಮಾಡಬೇಕಾದ್ದು

ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ ಫೆಬ್ರವರಿ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸಬಹುದು. ಮುಂಗಾರು ಶುರುವಾದ ಮೇಲಿನ ವಾರಗಳು ಎಲ್ಲಕ್ಕಿಂತ ಒಳ್ಳೆಯವು. ಗಾಳಿಯಲ್ಲಿ ತೇವವಿರುತ್ತದೆ, ತುಂಡು ಬಾಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ದಾಸವಾಳದ ಕಡ್ಡಿಯನ್ನೂ ಬೇಲಿಯ ಗೂಟವನ್ನೂ ಮಳೆ ಹಿಡಿದ ಮೇಲೆ ನೆಡುವುದು ಇದೇ ಕಾರಣಕ್ಕೆ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಏಪ್ರಿಲ್, ಮೇ ತಿಂಗಳ ಉರಿ ಕಳೆಯುವವರೆಗೆ ಕಾಯಿರಿ. ಕರಾವಳಿ, ಮಲೆನಾಡಿನವರು ಜಡಿಮಳೆಯ ದಿನಗಳಲ್ಲಿ ತುಂಡುಗಳನ್ನು ಮಳೆಗೆ ಒಡ್ಡದೆ ಚಾವಣಿಯ ಕೆಳಗೆ ಇಡಿ. ಅಲ್ಲಿ ತುಂಡು ಒಣಗುವ ಭಯವಿಲ್ಲ, ಕೊಳೆಯುವ ಭಯ ಇದೆ.

ಬೆಳಗಿನ ಹೊತ್ತು ಕತ್ತರಿಸಿ. ರಾತ್ರಿಯಿಡೀ ನೀರು ತುಂಬಿಕೊಂಡ ಬಳ್ಳಿ ಆಗ ಬಿಗಿಯಾಗಿರುತ್ತದೆ. ಹಿಂದಿನ ದಿನವೇ ಕುಂಡಕ್ಕೆ ನೀರು ಹಾಕಿರಿ.

ಮಾಡಬಾರದ್ದು

ಡಿಸೆಂಬರ್, ಜನವರಿಯಲ್ಲಿ ಕತ್ತರಿ ಹಿಡಿಯಬೇಡಿ. ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಹತ್ತಿರ ಇಳಿದಾಗ ಈ ಗಿಡ ಬಹುಮಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತದೆ. ಆಗ ಕತ್ತರಿಸಿದರೆ ಚಿಗುರು ಬರುವುದು ತಡ, ತುಂಡು ಬೇರು ಬಿಡುವುದೂ ತಡ. ಚಳಿದೇಶಗಳಲ್ಲಿರುವವರು ಮಾರ್ಚ್ ಕೊನೆಯವರೆಗೆ ಕೈ ಹಚ್ಚಬೇಡಿ. ಬಾಡಿದ ಗಿಡವನ್ನು, ಈಚೆಗಷ್ಟೇ ಕುಂಡ ಬದಲಿಸಿದ ಗಿಡವನ್ನು ಯಾವ ಕಾಲದಲ್ಲೂ ಕತ್ತರಿಸಬೇಡಿ.

೪. ಕತ್ತರಿಸುವುದು

ಅನೇಕರಿಗೆ ಕೈ ನಡುಗುವುದು ಇಲ್ಲಿಯೇ. ಎಷ್ಟೋ ವರ್ಷದ ಬಳ್ಳಿ, ಗೋಡೆಯುದ್ದಕ್ಕೂ ಹಬ್ಬಿಸಿದ್ದು, ಕತ್ತರಿಸುವುದು ಹೇಗೆ ಎಂದು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಮನಿ ಪ್ಲಾಂಟ್ ಮನೆಗಳಲ್ಲಿ ತಾನಾಗಿ ಹೂ ಬಿಡುವುದಿಲ್ಲ, ಹೂ ಮೂಡಿಸಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಅದು ಸರಿಯಾಗಿ ತಯಾರಿಸಿಕೊಳ್ಳಲಾರದು. ಹೂವಿಲ್ಲ ಎಂದರೆ ಬೀಜವೂ ಇಲ್ಲ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ ಈ ಬಳ್ಳಿ ಲೋಕದ ಮನೆಮನೆಗೆ ಹರಡಿದ್ದು ತುಂಡಿನಿಂದಲೇ. ನಿಮ್ಮ ಕೈಯಲ್ಲಿರುವ ಗಿಡವೂ ಒಂದು ಕಾಲಕ್ಕೆ ಯಾರೋ ಕತ್ತರಿಸಿ ನೆಟ್ಟ ತುಂಡೇ.

ಕತ್ತರಿಸಿದರೆ ಗಿಡ ತುಂಬಿಕೊಳ್ಳುವುದು ಏಕೆ? ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಕ್ಕಿಳಿಯುತ್ತದೆ. ಅದು ಇಳಿಯುತ್ತಿರುವವರೆಗೆ ಕೆಳಗಿನ ಗೆಣ್ಣುಗಳ ಮೊಗ್ಗುಗಳು ಮಲಗಿಯೇ ಇರುತ್ತವೆ. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಬೀನ್ಸ್ ಜಾತಿಯ ಗಿಡದ ಕುಡಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿ ನೋಡಿದರು. ಕುಡಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ಕುಡಿ ತೆಗೆದು ಸುಮ್ಮನೆ ಬಿಟ್ಟರೆ ಅವು ಏಳುತ್ತವೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆರಡು ಸಲ, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ, ಧೈರ್ಯದಿಂದ ಚಾಟ್ನಿ ಮಾಡುವುದರ, ಅಂದರೆ ಬಳ್ಳಿ ಕತ್ತರಿಸುವುದರ, ಹಿಂದೆಯೂ ಮಲಗಿದ ಮೊಗ್ಗನ್ನು ಎಬ್ಬಿಸುವ ಇದೇ ತತ್ವವಿದೆ.

ಮಾಡಬೇಕಾದ್ದು

ಮೊದಲು ಗೆಣ್ಣನ್ನು ಗುರುತಿಸಿ. ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಕಡೆ ಒಂದು ಉಬ್ಬು, ಸುತ್ತಲೂ ಉಂಗುರದಂಥ ಗೆರೆ ಇರುತ್ತದೆ. ಪಕ್ಕದಲ್ಲೇ ಕಂದು ಬಣ್ಣದ ಸಣ್ಣ ಮೊಳೆಯೊಂದು ಕಾಣುತ್ತದೆ, ಅದೇ ಗಾಳಿಬೇರು. ಎಲೆ ಉದುರಿದ ಬೋಳು ಬಳ್ಳಿಯಲ್ಲೂ ಗೆಣ್ಣು ಇದ್ದೇ ಇರುತ್ತದೆ. ಹೊಸ ಚಿಗುರಿಗೂ ಹೊಸ ಬೇರಿಗೂ ಗೆಣ್ಣೇ ಜಾಗ.

ಕತ್ತರಿಯನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ.

ತಾಯಿಗಿಡದ ಪ್ರತಿ ಬಳ್ಳಿಯಲ್ಲೂ ಮಣ್ಣಿನಿಂದ ಮೇಲಕ್ಕೆ ಎರಡು ಮೂರು ಗೆಣ್ಣು ಬಿಟ್ಟು, ಗೆಣ್ಣಿನಿಂದ ಅರ್ಧ ಇಂಚು ಮೇಲೆ ಒಂದೇ ಪೆಟ್ಟಿಗೆ ಕತ್ತರಿಸಿ. ಗಿಡ ಬಲವಾಗಿದ್ದು ಅನೇಕ ಬಳ್ಳಿಗಳಿದ್ದರೆ ಮೊದಲ ಸಲ ಅರ್ಧದಷ್ಟನ್ನು ಕತ್ತರಿಸಿ. ಅವು ಚಿಗುರಿದ ಮೇಲೆ ಉಳಿದ ಅರ್ಧ. ಹೀಗೆ ಮಾಡಿದರೆ ಬೇರಿಗೆ ಊಟ ಕಳಿಸಲು ಯಾವಾಗಲೂ ಒಂದಷ್ಟು ಎಲೆ ಉಳಿದಿರುತ್ತದೆ.

ಕತ್ತರಿಸಿದ ಬಳ್ಳಿಯನ್ನು ತುಂಡು ಮಾಡುವಾಗ ಪ್ರತಿ ತುಂಡಿನಲ್ಲೂ ಒಂದೋ ಎರಡೋ ಗೆಣ್ಣು, ಕನಿಷ್ಠ ಒಂದು ಎಲೆ ಇರಲಿ. ಎಲೆಯಿಲ್ಲದ ತುಂಡೂ ಚಿಗುರಬಲ್ಲದು, ಆದರೆ ನಿಧಾನ. ಅಂಥವನ್ನು ಬೇರೆಯಾಗಿಡಿ. ತುಂಡಿನ ಬುಡದ ಕಡೆ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸಿದರೆ ಯಾವುದು ಮೇಲು ಯಾವುದು ಕೆಳಗು ಎಂದು ಗೊಂದಲವಾಗುವುದಿಲ್ಲ.

ಪಟ್ಟೆಯ ಜಾತಿಯಾದರೆ, ಪಟ್ಟೆ ಚೆನ್ನಾಗಿರುವ ಕೊನೆಯ ಎಲೆಯ ಗೆಣ್ಣಿನವರೆಗೆ ಹಿಂದಕ್ಕೆ ಬಂದು ಕತ್ತರಿಸಿ. ಬರೀ ಹಸಿರಾದ ಕುಡಿಯನ್ನು ಹಾಗೇ ಬಿಟ್ಟರೆ ಮುಂದಿನ ಎಲೆಗಳಲ್ಲೂ ಪಟ್ಟೆ ಕಾಣುವುದು ಕಷ್ಟ.

ಮಾಡಬಾರದ್ದು

ಬರೀ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ನೀರಿಗಿಡಬೇಡಿ. ಅದು ಬೇರು ಬಿಟ್ಟರೂ ಬಳ್ಳಿಯಾಗುವುದಿಲ್ಲ, ಗೆಣ್ಣಿಲ್ಲದ ಕಡೆ ಚಿಗುರಿಗೆ ಮೊಗ್ಗಿಲ್ಲ. ಮೊಂಡು ಕತ್ತರಿಯಿಂದ ಜಜ್ಜಬೇಡಿ, ಕೈಯಿಂದ ಮುರಿಯಬೇಡಿ. ಜಜ್ಜಿದ ಕಾಂಡ ಕೊಳೆಯುವುದು ಬೇಗ. ಬಳ್ಳಿಯ ತುದಿಯ ಅರ್ಧ ಅಡಿಯನ್ನಷ್ಟೇ ಕತ್ತರಿಸಿ ಬುಡ ತುಂಬಿಕೊಳ್ಳುತ್ತದೆ ಎಂದು ಕಾಯಬೇಡಿ. ಚಿಗುರು ಸಾಮಾನ್ಯವಾಗಿ ಕತ್ತರಿಸಿದ ಜಾಗದ ತೀರಾ ಹತ್ತಿರದ ಗೆಣ್ಣಿನಿಂದ ಬರುತ್ತದೆ. ಚಿಗುರು ಎಲ್ಲಿ ಬೇಕೋ ಅಲ್ಲಿಗೇ ಕತ್ತರಿ ಇಳಿಯಬೇಕು.

ಕತ್ತರಿಸಲು ಮನಸ್ಸೇ ಬಾರದವರಿಗೆ

ನಮ್ಮ ವೀಳ್ಯದೆಲೆ ತೋಟಗಳಲ್ಲಿ ಎತ್ತರಕ್ಕೆ ಹೋಗಿ ಎಲೆ ಸಣ್ಣದಾದ ಬಳ್ಳಿಯನ್ನು ಕೆಳಗಿಳಿಸಿ, ಬುಡದಲ್ಲಿ ಸುರುಳಿ ಸುತ್ತಿ, ಮಣ್ಣು ಮುಚ್ಚುತ್ತಾರೆ. ಮಣ್ಣು ತಾಗಿದ ಗೆಣ್ಣುಗಳಿಂದ ಹೊಸ ಬೇರು, ಹೊಸ ಕುಡಿ ಬರುತ್ತವೆ. ಮನಿ ಪ್ಲಾಂಟಿಗೂ ಇದನ್ನೇ ಮಾಡಿ. ಬೋಳು ಬಳ್ಳಿಯನ್ನು ಕುಂಡದ ಮಣ್ಣಿನ ಮೇಲೆ ಸುತ್ತಿ, ಗೆಣ್ಣು ಮಣ್ಣಿಗೆ ಒತ್ತಿಕೊಳ್ಳುವಂತೆ ಹೇರ್‌ಪಿನ್ ಚುಚ್ಚಿ ಹಿಡಿಸಿ. ಮಣ್ಣು ಒಣಗದಂತೆ ನೋಡಿಕೊಳ್ಳಿ. ಬೇರು ಹಿಡಿದ ಮೇಲೆ ಎರಡು ಗೆಣ್ಣುಗಳ ನಡುವೆ ಬಳ್ಳಿಯನ್ನು ಕತ್ತರಿಸಿದರೆ ಪ್ರತಿಯೊಂದೂ ಸ್ವತಂತ್ರ ಗಿಡವಾಗುತ್ತದೆ.

೫. ನೀರಿನಲ್ಲಿ ಬೇರು ಬರಿಸುವುದು

ಮಾಡಬೇಕಾದ್ದು

ಗೆಣ್ಣು ನೀರಿನಲ್ಲಿ, ಎಲೆ ನೀರಿನ ಮೇಲೆ. ನೀರಿಗೆ ತಾಗುವ ಎಲೆಯನ್ನು ಮೊದಲೇ ತೆಗೆದುಹಾಕಿ. ನಲ್ಲಿ ನೀರು ಸಾಕು. ಬಾಟಲಿಯನ್ನು ಬೆಳಕಿರುವ, ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಕಂದು ಬಣ್ಣದ ಔಷಧಿ ಬಾಟಲಿಯನ್ನು ತೊಳೆದು ಬಳಸಿದರೆ ಪಾಚಿ ಕಟ್ಟುವುದು ಕಡಿಮೆ.

ನೀರನ್ನು ವಾರಕ್ಕೆರಡು ಸಲ ಪೂರ್ತಿ ಬದಲಿಸಿ, ಬಾಟಲಿಯ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯೊಳಗಿನ, ಮನೆ ಸುತ್ತಲಿನ ನಿಂತ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಅವಕಾಶ ಕೊಡುವ ಮನೆಗಳಿಗೂ ದಂಡ ವಿಧಿಸುವ ನಿಯಮ ತಂದಿತು. ಕುಂಡದ ಕೆಳಗಿನ ತಟ್ಟೆಯ ನೀರನ್ನೂ ಇದೇ ಎಚ್ಚರದಿಂದ ಚೆಲ್ಲಿ.

ಬೆಚ್ಚಗಿನ ಹವೆಯಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಬೇರು ಕಾಣುತ್ತದೆ. ಬೇರು ಎರಡು ಮೂರು ಇಂಚಾದ ಕೂಡಲೇ ಮಣ್ಣಿಗೆ ವರ್ಗಾಯಿಸಿ. ತುಂಡಿನ ತುದಿ ಕಂದಾಗಿ ಮೆತ್ತಗಾದರೆ, ಹಸಿರು ಭಾಗ ಸಿಗುವವರೆಗೆ ಮೇಲಕ್ಕೆ ಕತ್ತರಿಸಿ ಹೊಸ ನೀರಿಗಿಡಿ. ಗೆಣ್ಣು ಉಳಿದಿದ್ದರೆ ತುಂಡು ಇನ್ನೂ ಬದುಕುತ್ತದೆ.

ಮಾಡಬಾರದ್ದು

ಅಕ್ಕಿ ತೊಳೆದ ನೀರು, ಸಕ್ಕರೆ, ಜೇನುತುಪ್ಪ, ಹಾಲು ಇವು ಯಾವುದನ್ನೂ ಬಾಟಲಿಗೆ ಹಾಕಬೇಡಿ. ಇವುಗಳಿಂದ ಬೇರು ಬರುವುದಿಲ್ಲ, ನೀರು ಹುಳಿತು ತುಂಡು ಕೊಳೆಯುತ್ತದೆ. ನೀರು ಶುದ್ಧೀಕರಿಸುವ ಆರ್‌ಓ ಯಂತ್ರ ಹೊರಬಿಡುವ ನೀರನ್ನೂ ಬಳಸಬೇಡಿ, ಅದರಲ್ಲಿ ಲವಣದ ಅಂಶ ಹೆಚ್ಚು. ಬೇರು ಬರಿಸುವ ಹಾರ್ಮೋನ್ ಪುಡಿ ಮನಿ ಪ್ಲಾಂಟಿಗೆ ಬೇಕಿಲ್ಲ, ದುಡ್ಡು ಉಳಿಸಿ. ಬೇರು ಬಂತೋ ಎಂದು ದಿನಕ್ಕೆರಡು ಸಲ ತೆಗೆದು ನೋಡಬೇಡಿ, ಎಳೆಬೇರು ಮುಟ್ಟಿದರೆ ಮುರಿಯುತ್ತದೆ. ಬಾಟಲಿಯಲ್ಲೇ ಚೆನ್ನಾಗಿದೆ ಎಂದು ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಮಣ್ಣಿಗೆ ಹಾಕಬೇಡಿ. ನೀರಿಗೆ ಒಗ್ಗಿದ ಉದ್ದನೆಯ ಬೇರಿಗೆ ಮಣ್ಣು ಹಿಡಿಯುವುದು ಕಷ್ಟ.

೬. ಮಣ್ಣಿಗೆ

ಮಾಡಬೇಕಾದ್ದು

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಮೇಲೆ ಒಂದು ಹಿಡಿ ದಪ್ಪ ಮರಳು. ಕೋಕೋಪೀಟನ್ನು ನೆನೆಸಿ, ಒಮ್ಮೆ ಹಿಂಡಿ ತೊಳೆದು ಬಳಸಿ, ನಾರಿನಲ್ಲಿ ಉಪ್ಪಿನಂಶ ಉಳಿದಿರಬಹುದು. ಕುಂಡದ ತಳದಲ್ಲಿ ತೂತು ಇರಲೇಬೇಕು.

ಆರು ಇಂಚಿನ ಕುಂಡಕ್ಕೆ ಐದಾರು ತುಂಡುಗಳನ್ನು ಅಂಚಿನ ಸುತ್ತ ನೆಡಿ. ತಾಯಿಗಿಡದ ಕುಂಡದಲ್ಲಿ ಜಾಗವಿದ್ದರೆ ಅಲ್ಲೇ ನೆಡಿ. ಕುಂಡ ತುಂಬಿ ಕಾಣುವುದು ಇದರಿಂದಲೇ. ಕತ್ತರಿಸಿದ ಒಂದು ಬಳ್ಳಿ ಸಾಮಾನ್ಯವಾಗಿ ಒಂದೆರಡು ಕುಡಿ ಮಾತ್ರ ಕೊಡುತ್ತದೆ, ತುಂಡುಗಳಾದರೆ ಎಷ್ಟು ನೆಟ್ಟಿರೋ ಅಷ್ಟು ಹೊಸ ಬಳ್ಳಿಗಳನ್ನು ಕೊಡುತ್ತವೆ. ಗೆಣ್ಣು ಮಣ್ಣಿನಡಿ ಒಂದು ಇಂಚು ಇರಲಿ. ನೆಟ್ಟ ಮೇಲೆ ಎರಡು ವಾರ ಮಣ್ಣು ಒಣಗದಂತೆ ನೋಡಿಕೊಳ್ಳಿ, ನೀರಿನಿಂದ ಬಂದ ಬೇರು ಒಣಮಣ್ಣಿಗೆ ಒಗ್ಗಿರುವುದಿಲ್ಲ. ಆಮೇಲೆ ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ ಮೇಲೆ ಮಾತ್ರ ನೀರು.

ಮಾಡಬಾರದ್ದು

ತುಂಡನ್ನು ತಲೆಕೆಳಗಾಗಿ ನೆಡಬೇಡಿ, ಬೇರು ಬುಡದ ಕಡೆಯಿಂದ ಬರುತ್ತದೆ. ಎರಡು ತುಂಡಿಗೆ ದೊಡ್ಡ ಕುಂಡ ಕೊಡಬೇಡಿ. ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿದು ಕೊಳೆ ತರುತ್ತದೆ. ಕಟ್ಟಡದ ಕೆಲಸಕ್ಕೆ ತಂದ, ಸಿಮೆಂಟ್ ಬೆರೆತ ಮರಳನ್ನು ಹಾಕಬೇಡಿ. ಹಾಲು ಸಕ್ಕರೆ ಬೆರೆತ ಟೀ ಚರಟವನ್ನು ಕುಂಡಕ್ಕೆ ಸುರಿಯಬೇಡಿ, ಇರುವೆ, ನುಸಿ ಬರುತ್ತವೆ.

೭. ಕತ್ತರಿಸಿದ ಮೇಲೆ ತಾಯಿಗಿಡಕ್ಕೆ

ಮಾಡಬೇಕಾದ್ದು

ನೀರು ಕಡಿಮೆ ಮಾಡಿ. ಎಲೆ ಕಡಿಮೆಯಾದರೆ ಗಿಡ ಹೊರಬಿಡುವ ನೀರೂ ಕಡಿಮೆ, ಹಳೆಯ ಲೆಕ್ಕದಲ್ಲೇ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಬೆಚ್ಚಗಿನ ಕಾಲದಲ್ಲಿ ಎರಡರಿಂದ ನಾಲ್ಕು ವಾರದೊಳಗೆ ಗೆಣ್ಣಿನಲ್ಲಿ ಹಸಿರು ಮೊಳಕೆ ಕಾಣಬೇಕು. ಎರಡು ಹೊಸ ಎಲೆ ಪೂರ್ತಿ ಬಿಚ್ಚಿದ ಮೇಲೆ ಗೊಬ್ಬರ ಶುರು ಮಾಡಿ. ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಲ್ಲಿ ಅರ್ಧ, ತಿಂಗಳಿಗೊಮ್ಮೆ. ಎರೆಗೊಬ್ಬರವಾದರೆ ಒಂದು ಹಿಡಿ ಸಾಕು.

ಮಾಡಬಾರದ್ದು

ಕತ್ತರಿಸಿದ ದಿನವೇ ಕುಂಡ ಬದಲಿಸಬೇಡಿ. ಎರಡು ವಾರ ಚಿಗುರು ಕಾಣಲಿಲ್ಲವೆಂದು ಮತ್ತೆ ಕತ್ತರಿ ಹಿಡಿಯಬೇಡಿ. ಕಾಂಡ ಹಸಿರಾಗಿ ಗಟ್ಟಿಯಾಗಿರುವವರೆಗೆ ಕಾಯಿರಿ.

೮. ಎಲ್ಲ ಗಿಡಕ್ಕೂ ಒಂದೇ ಕತ್ತರಿಯಲ್ಲ

ಸಿಂಗೋನಿಯಂ, ಬಳ್ಳಿ ಫಿಲೊಡೆಂಡ್ರಾನ್‌ಗಳಿಗೆ ಮೇಲಿನ ನಿಯಮಗಳೆಲ್ಲ ಅನ್ವಯಿಸುತ್ತವೆ. ಉಳಿದವಕ್ಕೆ ಹೀಗೆ:

ದೊಡ್ಡಪತ್ರೆ, ಕೋಲಿಯಸ್: ಕುಡಿಯನ್ನು ಬೆರಳಲ್ಲೇ ಚಿವುಟಿ, ಮತ್ತೆ ಮತ್ತೆ ಚಿವುಟಿ. ಕೋಲಿಯಸ್ ಹೂತೆನೆ ಕಂಡ ಕೂಡಲೇ ತೆಗೆಯಿರಿ. ದೊಡ್ಡಪತ್ರೆಯ ತುಂಡನ್ನು ನೇರ ಮಣ್ಣಿಗೆ ಚುಚ್ಚಿ, ತೆಗೆದ ಎಲೆ ತಂಬುಳಿಗಾಗಲಿ.

ರಬ್ಬರ್ ಗಿಡ: ಕತ್ತರಿಸಿದ ಕಡೆ ಬರುವ ಹಾಲು ಚರ್ಮಕ್ಕೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಗಟ್ಟಿ ಕಾಂಡವಾದ್ದರಿಂದ ಗೂಟಿ ಕಟ್ಟುವುದೇ, ಅಂದರೆ ಗಿಡದಲ್ಲಿರುವಾಗಲೇ ಕಾಂಡಕ್ಕೆ ಬೇರು ಬರಿಸುವುದೇ, ಖಚಿತ ದಾರಿ. ಬೇರು ಕಂಡ ಮೇಲೆಯೇ ಕತ್ತರಿಸಿ.

ಡ್ರಸೀನಾ: ಬೇಕಾದ ಎತ್ತರಕ್ಕೆ ಕಾಂಡ ಕತ್ತರಿಸಿ. ಕೆಳಗೆ ಚಿಗುರು ಬರುತ್ತದೆ, ಮೇಲಿನ ತಲೆಯೂ ಕಾಂಡದ ತುಂಡುಗಳೂ ನೆಟ್ಟರೆ ಬೇರು ಬಿಡುತ್ತವೆ.

ಜೇಡ್: ಕತ್ತರಿಸಿದ ತುಂಡನ್ನು ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ, ಗಾಯ ಮುಚ್ಚಿದ ಮೇಲೆ ನೆಡಿ. ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ.

ಸ್ನೇಕ್ ಪ್ಲಾಂಟ್: ಹಳದಿ ಅಂಚಿನ ಜಾತಿಯ ಎಲೆತುಂಡು ನೆಟ್ಟರೆ ಬರುವ ಮರಿಗಳಲ್ಲಿ ಹಳದಿ ಅಂಚು ಇರುವುದಿಲ್ಲ. ಅಂಚು ಬೇಕಿದ್ದರೆ ಬುಡದ ಮರಿಗಳನ್ನೇ ಬಿಡಿಸಿ ನೆಡಿ.

ಅರೆಕಾ ಪಾಮ್: ಸುಳಿಗೆ ಕತ್ತರಿ ತಾಗಿಸಲೇಬಾರದು. ಅಡಿಕೆ, ತೆಂಗು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ, ಸುಳಿ ಹೋದ ಕಾಂಡ ಮತ್ತೆ ಚಿಗುರುವುದಿಲ್ಲ. ಒಣಗಿದ ಗರಿಯನ್ನು ಮಾತ್ರ ತೆಗೆಯಿರಿ.

೯. ಮನೆಯವರ, ಊರಿನ ಸುರಕ್ಷತೆ

ಮಾಡಬೇಕಾದ್ದು

ಕೈಗವಸು ಹಾಕಿಕೊಳ್ಳಿ. ಮನಿ ಪ್ಲಾಂಟ್ ಕೆಸುವಿನ ಕುಟುಂಬದ್ದು. ಕೆಸು ಹೆಚ್ಚುವಾಗ ಕೈ ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಇದರ ರಸದಲ್ಲೂ ಇವೆ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಗಿಡವೂ ಬಾಟಲಿಯೂ ಕೈಗೆ, ಬಾಯಿಗೆ ಎಟುಕದ ಎತ್ತರದಲ್ಲಿರಬೇಕು. ಮಗು ಎಲೆ ಅಗಿದು ಬಾಯಿ ಉರಿದರೆ, ಬಾಯಿ ತೊಳೆಸಿ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮಾಡಬಾರದ್ದು

ಕತ್ತರಿಸಿ ಉಳಿದ ಬಳ್ಳಿಯನ್ನು ಖಾಲಿ ಸೈಟಿಗೆ, ರಸ್ತೆ ಬದಿಯ ಮರದ ಬುಡಕ್ಕೆ, ಕೆರೆ ಅಂಚಿಗೆ, ಕಾಡಿನ ದಾರಿಗೆ ಎಸೆಯಕೂಡದು. ಗೆಣ್ಣಿರುವ ಒಂದು ತುಂಡು ಮಣ್ಣಿಗೆ ತಾಗಿದರೆ ಸಾಕು, ಮರ ಹತ್ತಿ ಮೊರದಗಲ ಎಲೆ ಬಿಟ್ಟು ಕೆಳಗಿನ ಗಿಡಗಳನ್ನು ಮುಚ್ಚುತ್ತದೆ. ಶ್ರೀಲಂಕಾ, ಹವಾಯಿ, ಫ್ಲೋರಿಡಾಗಳಲ್ಲಿ ಇದು ಸ್ಥಳೀಯ ಸಸ್ಯಗಳನ್ನು ಒತ್ತರಿಸುವ ಬಳ್ಳಿಯಾಗಿದೆ. ಪಶ್ಚಿಮ ಘಟ್ಟದ ಅಂಚಿನಲ್ಲಿ ಮನೆ ಇರುವವರಿಗೆ ಈ ಹೊಣೆ ಇನ್ನೂ ಹೆಚ್ಚು. ಬೇಡದ ತುಂಡುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಹಸಿ ಕಸಕ್ಕೆ ಹಾಕಿ.

ಕದ್ದು ತಂದ ಮನಿ ಪ್ಲಾಂಟೇ ಹಣ ತರುತ್ತದೆ ಎಂಬ ನಂಬಿಕೆಯಿಂದ ಪಕ್ಕದವರ ಕುಂಡಕ್ಕೆ ಕೈ ಹಾಕಬೇಡಿ. ಅವಸರದಲ್ಲಿ ಕಿತ್ತ ತುಂಡು ಜಜ್ಜಿಹೋಗುತ್ತದೆ, ಅವರ ಗಿಡಕ್ಕೂ ಗಾಯ. ಕೇಳಿ ಪಡೆಯಿರಿ. ನಿಮ್ಮಲ್ಲಿ ಬೇರು ಬಿಟ್ಟ ತುಂಡು ಹೆಚ್ಚಾದಾಗ ನೀವಾಗಿಯೇ ಕರೆದು ಕೊಡಿ.

೧೦. ಮತ್ತೆ ಕಡ್ಡಿಯಾಗದಂತೆ

ಮಾಡಬೇಕಾದ್ದು

ಹೊಸ ಕುಡಿ ನಾಲ್ಕೈದು ಎಲೆ ಬಿಟ್ಟ ಕೂಡಲೇ ತುದಿ ಚಿವುಟಿ. ಬಳ್ಳಿ ದಪ್ಪವಾಗಿ ಎಲೆ ದೊಡ್ಡದಾಗಬೇಕಾದರೆ ತೆಂಗಿನ ನಾರು ಸುತ್ತಿದ ಕೋಲು ಕೊಟ್ಟು ಹತ್ತಿಸಿ, ನಾರನ್ನು ತೇವವಾಗಿಡಿ.  ಗಾಳಿಬೇರು ಆಸರೆ ಹಿಡಿದು ಮೇಲೇರುವಾಗ ಎಲೆ ಹಿಗ್ಗುತ್ತದೆ, ತೂಗುಬಿದ್ದ ಬಳ್ಳಿಯಲ್ಲಿ ಹೋಗುತ್ತಾ ಹೋಗುತ್ತಾ ಕಿರಿದಾಗುತ್ತದೆ. ತೂಗುಕುಂಡವೇ ಇಷ್ಟವಾದರೆ ಪ್ರತಿ ಮುಂಗಾರಿನಲ್ಲೂ ಉದ್ದವಾದ ಬಳ್ಳಿಗಳನ್ನು ಕತ್ತರಿಸಿ ಅದೇ ಕುಂಡಕ್ಕೆ ನೆಡುವುದನ್ನು ವಾಡಿಕೆ ಮಾಡಿಕೊಳ್ಳಿ.

ಮಾಡಬಾರದ್ದು

ಗಿಡ ತುಂಬಿಕೊಂಡಿತು ಎಂದು ಅದನ್ನು ಮತ್ತೆ ಟೀವಿ ಪಕ್ಕದ ಮೂಲೆಗೆ ಒಯ್ಯಬಾರದು. ಅತಿಥಿಗಳು ಬಂದ ದಿನ ಅಲ್ಲಿಡಿ, ಬೇಡವೆನ್ನುವುದಿಲ್ಲ. ಅವರು ಹೋದ ಮೇಲೆ ಅದೇ ಸಂಜೆ ಕಿಟಕಿಗೆ ಮರಳಿಸಿ. ಆ ಮೂಲೆಯಲ್ಲಿ ಹಸಿರು ಬೇಕೇಬೇಕು ಎನ್ನುವವರು ಎರಡು ಕುಂಡ ಇಟ್ಟುಕೊಳ್ಳಿ. ಒಂದು ಮೂಲೆಯಲ್ಲಿ, ಒಂದು ಕಿಟಕಿಯಲ್ಲಿ. ಎರಡು ವಾರಕ್ಕೊಮ್ಮೆ ತಪ್ಪದೆ ಅದಲು ಬದಲು ಮಾಡಿ. ಎರಡನೆಯ ಕುಂಡವನ್ನು ಕೊಳ್ಳಬೇಕಾದ್ದಿಲ್ಲ, ಈ ಸಲ ಕತ್ತರಿಸಿದ ತುಂಡುಗಳಲ್ಲೇ ಅದು ಸಿದ್ಧವಾಗುತ್ತದೆ.